ರಥಬೀದಿಯ ಹಳೆಯ ಮಿಠಾಯಿ ಅಂಗಡಿಯವರು ಹಲ್ವ ಇದ್ದರೂ ಕೊಡಲಿಲ್ಲ: ಇದು ಸರಿಯೇ?

ಬಂದರು ರಸ್ತೆಯವಳು:
ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಮುಂಬಯಿಯಲ್ಲಿ ನೆಲೆಸಿರುವ ನನ್ನ ಸೋದರತ್ತೆ ಆರು ವರ್ಷಗಳ ನಂತರ ಊರಿಗೆ ಬಂದಿದ್ದರು. ಅವರಿಗೆ ಈಗ ಎಂಬತ್ತೆರಡು ವರ್ಷ. ಹೊರಡುವ ಮುನ್ನಾದಿನ ಸಂಜೆ ಅವರು ಕೇಳಿದ್ದು ಒಂದೇ ಒಂದು: ಮಂಗಳೂರಿನ ರಥಬೀದಿಯಲ್ಲಿ ತಮ್ಮ ತಂದೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದ ಮಿಠಾಯಿ ಅಂಗಡಿಯಿಂದ ಎರಡು ಕಿಲೋ ಗೋಧಿ ಹಲ್ವ ಕೊಂಡುಹೋಗಬೇಕು. ಅಂಗಡಿ ಈಗಲೂ ಇದೆ, ಅದೇ ಮನೆತನದವರೇ ನಡೆಸುತ್ತಿದ್ದಾರೆ, ಅದೇ ಮರದ ಕಪಾಟುಗಳಿವೆ.

ನಾವು ಹೋದಾಗ ಒಳಗಿನ ಮೇಜಿನ ಮೇಲೆ ದೊಡ್ಡ ತಟ್ಟೆಯ ತುಂಬ ಹಲ್ವ ಕಣ್ಣಿಗೆ ಕಾಣುವಂತೆಯೇ ಇತ್ತು. ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತಿದ್ದ ಹಿರಿಯರು, "ಅದನ್ನು ಮಧ್ಯಾಹ್ನವಷ್ಟೇ ತಟ್ಟೆಗೆ ಸುರಿದದ್ದು, ಇವತ್ತು ಕತ್ತರಿಸುವುದಿಲ್ಲ, ನಾಳೆ ಬೆಳಿಗ್ಗೆ ಒಂಬತ್ತರ ನಂತರ ಬನ್ನಿ, ಆಗಲೂ ಒಂದು ಕಿಲೋಗಿಂತ ಹೆಚ್ಚು ಕೊಡಲಾಗುವುದಿಲ್ಲ, ಉಳಿದದ್ದನ್ನು ಒಂದು ಪೂಜೆಯ ಮನೆಯವರು ಮೊದಲೇ ಹೇಳಿಟ್ಟಿದ್ದಾರೆ" ಎಂದರು. ಮರುದಿನ ಮಧ್ಯಾಹ್ನವೇ ಅತ್ತೆಯವರಿಗೆ ಮತ್ಸ್ಯಗಂಧ ರೈಲು ಇದೆಯೆಂದು ಹೇಳಿ ನಾನು ಎಷ್ಟು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಸಿಟ್ಟಿನಿಂದ ನಾನು ಸಮೀಪದ ಇನ್ನೊಂದು ಅಂಗಡಿಗೆ ಹೋಗಿ ಎರಡು ಕಿಲೋ ಹಲ್ವ ಕೊಂಡೆ. ಅಲ್ಲಿ ಐದು ನಿಮಿಷದಲ್ಲಿ ಕಟ್ಟಿಕೊಟ್ಟರು. ಮನೆಗೆ ಬಂದು ಅತ್ತೆಯವರು ಒಂದು ಚೂರು ಬಾಯಿಗಿಟ್ಟು, ಏನೂ ಹೇಳದೆ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

ನಾನು ಕೇಳುತ್ತಿರುವುದು ಇಷ್ಟೇ. ಸರಕು ಕಣ್ಣೆದುರು ಇರುವಾಗ, ದೂರದಿಂದ ಬಂದ ವೃದ್ಧೆಯೊಬ್ಬರನ್ನು ಬರಿಗೈಯಲ್ಲಿ ಕಳುಹಿಸುವುದು ಹಳೆಯ ಅಂಗಡಿಯ ಗತ್ತೋ, ಅಥವಾ ನನಗೆ ತಿಳಿಯದ ಕಾರಣವೇನಾದರೂ ಇದೆಯೋ?

ಕದ್ರಿ ಗುಡ್ಡ:
ಗತ್ತು ಎಂದೇ ನಾನು ಹೇಳುತ್ತೇನೆ. ಮೂವತ್ತು ವರ್ಷಗಳಿಂದ ನಾನೂ ವ್ಯಾಪಾರ ಮಾಡುತ್ತಿದ್ದೇನೆ, ನನ್ನದು ಹಾರ್ಡ್‌ವೇರ್ ಅಂಗಡಿ. ಬಾಗಿಲಿಗೆ ಬಂದ ಗಿರಾಕಿಯನ್ನು "ನಾಳೆ ಬನ್ನಿ" ಎಂದು ಹಿಂದೆ ಕಳುಹಿಸಿದರೆ ಅವನು ನಾಳೆ ಬರುವುದು ಪಕ್ಕದ ಅಂಗಡಿಗೆ. ಅಂಗಡಿ ಹಳೆಯದಾದ ಮಾತ್ರಕ್ಕೆ ಅದರ ಎಲ್ಲ ನಡವಳಿಕೆಗಳನ್ನೂ ಸಂಪ್ರದಾಯ ಎಂದು ಹೊಗಳಬೇಕಾಗಿಲ್ಲ.

ಸುರತ್ಕಲ್ ಸಂಜೆ:
ಅಕ್ಕ, ಆ ಇನ್ನೊಂದು ಅಂಗಡಿಯ ಹಲ್ವ ಹೇಗಿತ್ತು ಎಂದು ನೀವು ಬರೆಯಲೇ ಇಲ್ಲ. ರಬ್ಬರಿನ ಹಾಗೆ ಎಳೆಯುತ್ತಿತ್ತೇ, ಬೆಳಕಿಗೆ ಹಿಡಿದರೆ ಗಾಜಿನಂತೆ ಹೊಳೆಯುತ್ತಿತ್ತೇ?

ಬಂದರು ರಸ್ತೆಯವಳು:
ಹೌದು, ಹೊಳೆಯುತ್ತಿತ್ತು, ಸ್ವಲ್ಪ ಎಳೆಯುತ್ತಲೂ ಇತ್ತು. ಕೆಟ್ಟದಾಗಿತ್ತೆಂದು ನಾನು ಹೇಳಲಾರೆ. ಮಕ್ಕಳು ಖುಷಿಯಿಂದ ತಿಂದರು.

ಸುರತ್ಕಲ್ ಸಂಜೆ:
ಹಾಗಾದರೆ ಅದು ಮೆಕ್ಕೆಜೋಳದ ಹಿಟ್ಟಿನ ಹಲ್ವ. ಅದನ್ನು ಬಾಂಬೆ ಹಲ್ವ ಎಂದೂ ಕರಾಚಿ ಹಲ್ವ ಎಂದೂ ಕರೆಯುತ್ತಾರೆ. ಅದೂ ಒಂದು ಒಳ್ಳೆಯ ತಿಂಡಿಯೇ. ಆದರೆ ಗೋಧಿ ಹಲ್ವ ಕೇಳಿದವರಿಗೆ ಅದನ್ನು ಕೊಟ್ಟರೆ ಹೆಸರಿನಲ್ಲಿ ಮೋಸವಾಗುತ್ತದೆ.

ಹಳೆಯ ಕೆಲಸಗಾರ:
ಈ ಪ್ರಶ್ನೆಗೆ ನಾನು ಉತ್ತರಿಸಲೇಬೇಕು, ಏಕೆಂದರೆ ಹದಿನಾಲ್ಕನೆಯ ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಬಂದು ಇಂಥದ್ದೇ ಒಂದು ಅಂಗಡಿಯ ಒಳಮನೆಯಲ್ಲಿ ಹನ್ನೊಂದು ವರ್ಷ ದುಡಿದವನು ನಾನು. ಈಗ ಬೇರೆ ಉದ್ಯೋಗದಲ್ಲಿದ್ದೇನೆ. ಆದರೂ ಗೋಧಿ ಹಲ್ವದ ಹೆಸರು ಕೇಳಿದರೆ ಈಗಲೂ ಬಲದ ಭುಜ ನೋಯುತ್ತದೆ.

ಗೋಧಿ ಹಲ್ವ ಒಂದು ದಿನದ ಕೆಲಸವಲ್ಲ. ಇಡೀ ಗೋಧಿಯನ್ನು ಮೂರು ದಿನ ನೀರಿನಲ್ಲಿ ನೆನೆಹಾಕುತ್ತೇವೆ. ನಮ್ಮ ಕರಾವಳಿಯ ಸೆಕೆಗೆ ದಿನವೂ ನೀರು ಬದಲಾಯಿಸದಿದ್ದರೆ ಅದು ಹುಳಿತು ನಾರುತ್ತದೆ. ಕಾಳು ಬೆರಳಿಗೆ ಒತ್ತಿದರೆ ಬಿಳಿ ಹಾಲು ಹೊರಬರುವಷ್ಟು ಮೆತ್ತಗಾದ ಮೇಲೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲನ್ನು ತೆಗೆಯಬೇಕು. ತೌಡು ಮತ್ತು ಅಂಟು ಬಟ್ಟೆಯಲ್ಲಿ ಉಳಿಯುತ್ತವೆ. ಆ ಹಾಲನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಗಟ್ಟಿಯಾದ ಸತ್ವ ಕುಳಿತು ಮೇಲೆ ಹಳದಿ ಬಣ್ಣದ ನೀರು ನಿಲ್ಲುತ್ತದೆ. ಆ ನೀರನ್ನು ಬಗ್ಗಿಸಿ ಚೆಲ್ಲುವಾಗ ಕೈ ನಡುಗಿದರೆ ಅರ್ಧ ಸತ್ವವೂ ಅದರ ಜೊತೆಗೆ ಹೋಗುತ್ತದೆ. ನಾನು ಒಮ್ಮೆ ಹಾಗೆ ಚೆಲ್ಲಿದ್ದೇನೆ, ಯಜಮಾನರು ಬೈಯಲಿಲ್ಲ, ಆದರೆ ಅವತ್ತು ಅಂಗಡಿಯಲ್ಲಿ ಹಲ್ವದ ತಟ್ಟೆ ಖಾಲಿಯಾಗಿಯೇ ಇತ್ತು.

ನಾಲ್ಕನೆಯ ದಿನ ಒಲೆ ಹಚ್ಚುವುದು. ಸಕ್ಕರೆ ಪಾಕಕ್ಕೆ ಗೋಧಿಯ ಹಾಲನ್ನು ಹೊಯ್ದ ಕ್ಷಣದಿಂದ ಕೈ ನಿಲ್ಲಿಸುವಂತಿಲ್ಲ. ಮೊದಲು ಗಂಜಿಯಂತೆ, ಆಮೇಲೆ ಅಂಟಿನಂತೆ ಆಗುತ್ತದೆ, ಮರದ ಸಟ್ಟುಗವನ್ನು ಎರಡು ಕೈಯಲ್ಲಿ ಹಿಡಿದು ತಿರುವಬೇಕಾಗುತ್ತದೆ. ತುಪ್ಪವನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ, ಅದು ಕುಡಿದಷ್ಟನ್ನು ಕುಡಿಸುತ್ತಾ ಹೋಗಬೇಕು. ಕೊನೆಗೆ ಹಲ್ವವೇ ತುಪ್ಪವನ್ನು ಹೊರಗೆ ಬಿಡಲು ಆರಂಭಿಸಿ, ಬಾಣಲೆಯ ಬದಿಯನ್ನು ಬಿಟ್ಟು ಒಂದೇ ಮುದ್ದೆಯಾಗಿ ತಿರುಗಿದಾಗ ಹದ ಬಂತೆಂದು ಅರ್ಥ. ನಾಲ್ಕು ಕಿಲೋ ಗೋಧಿಯ ಒಂದು ಪಾಕಕ್ಕೆ ನಮಗೆ ಎರಡು ಗಂಟೆಗಿಂತ ಹೆಚ್ಚು ಸಮಯ ಬೇಕಾಗುತ್ತಿತ್ತು.

ಕದ್ರಿಯವರೇ, ನಿಮ್ಮ ಅಂಗಡಿಯಲ್ಲಿ ಮೊಳೆ ಮುಗಿದರೆ ಸಂಜೆಯೊಳಗೆ ತರಿಸಬಹುದು. ಇಲ್ಲಿ ಇಂದು ಮುಗಿದರೆ ಇನ್ನು ನಾಲ್ಕು ದಿನ ಕಾಯಲೇಬೇಕು. ಹಿರಿಯರು ಒಂದು ಕಿಲೋಗಿಂತ ಹೆಚ್ಚು ಕೊಡಲಾಗದು ಎಂದದ್ದು ಲೆಕ್ಕದ ಮಾತು.

ಕದ್ರಿ ಗುಡ್ಡ:
ತಾವು ಬರೆದದ್ದನ್ನು ಗೌರವದಿಂದ ಓದಿದೆ. ಪ್ರಮಾಣ ಕಡಿಮೆ ಇತ್ತೆಂಬುದನ್ನು ಒಪ್ಪುತ್ತೇನೆ. ಆದರೆ ತಯಾರಾಗಿ ತಟ್ಟೆಯಲ್ಲಿದ್ದ ಹಲ್ವವನ್ನು ಅದೇ ಸಂಜೆ ಕೊಡಲು ಏನು ಅಡ್ಡಿ? ಮನೆಯಲ್ಲಿ ಬಿಸಿ ಹಲ್ವವನ್ನು ನಾವು ತಿನ್ನುವುದಿಲ್ಲವೇ?

ಅಡುಗೆಯ ರಸಾಯನ:
ಮನೆಯಲ್ಲಿ ತಟ್ಟೆಗೆ ಹಾಕಿಕೊಂಡು ತಿನ್ನುವುದಕ್ಕೂ ಪೆಟ್ಟಿಗೆಯಲ್ಲಿ ಕಟ್ಟಿ ರೈಲಿನಲ್ಲಿ ಒಯ್ಯುವುದಕ್ಕೂ ವ್ಯತ್ಯಾಸವಿದೆ. ನಾನು ಕಾಲೇಜಿನಲ್ಲಿ ಆಹಾರ ವಿಜ್ಞಾನವನ್ನು ಕಲಿಸುತ್ತೇನೆ, ಆದ್ದರಿಂದ ಇದನ್ನು ಸ್ವಲ್ಪ ವಿವರಿಸುತ್ತೇನೆ.

ಗೋಧಿಯ ಹಾಲು ಎಂದರೆ ಮುಖ್ಯವಾಗಿ ಪಿಷ್ಟ. ಬಿಸಿಯಾದಾಗ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಒಡೆಯುತ್ತವೆ. ಅದು ತಣ್ಣಗಾಗುವಾಗ, ಬಿಡಿಬಿಡಿಯಾದ ಅದರ ಉದ್ದ ಎಳೆಗಳು ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುತ್ತವೆ, ಆ ಬಲೆಯೊಳಗೆ ನೀರು, ಸಕ್ಕರೆ ಮತ್ತು ತುಪ್ಪ ಸಿಕ್ಕಿಕೊಂಡು ನಿಲ್ಲುತ್ತವೆ. ದಪ್ಪ ತಟ್ಟೆಯಲ್ಲಿ ಮೇಲ್ಭಾಗ ಆರಿದ್ದರೂ ನಡುಭಾಗ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಬಲೆ ಕಟ್ಟುವ ಮೊದಲೇ ಕತ್ತರಿಸಿದರೆ ಕತ್ತಿಗೆ ಅಂಟುತ್ತದೆ, ಕತ್ತರಿಸಿದ ಬದಿಯಿಂದ ತುಪ್ಪ ಸೋರುತ್ತದೆ. ಇನ್ನೂ ಮುಖ್ಯವಾದದ್ದು, ಒಳಗಿನ ಬಿಸಿಯ ಹಬೆ ಮುಚ್ಚಿದ ಪೆಟ್ಟಿಗೆಯಲ್ಲಿ ನೀರಾಗಿ ಹಲ್ವದ ಮೇಲೆಯೇ ಬೀಳುತ್ತದೆ. ಸಕ್ಕರೆ ಹೆಚ್ಚಿರುವ ತಿಂಡಿ ಕೆಡದಿರುವುದು ಅದರಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗದಿರುವುದರಿಂದ. ಮೇಲೆ ನೀರು ಬಿದ್ದ ಜಾಗದಲ್ಲಿ ಆ ರಕ್ಷಣೆ ಹೋಗುತ್ತದೆ, ಎರಡೇ ದಿನಗಳಲ್ಲಿ ಬೂಸು ಹಿಡಿಯಬಹುದು. ಅದರಲ್ಲಿಯೂ ಇದು ಮಳೆಗಾಲ.

ಹಿರಿಯರಿಗೆ ಇದನ್ನು ಈ ಮಾತುಗಳಲ್ಲಿ ಹೇಳಲು ಬಾರದಿರಬಹುದು. ಆದರೆ ತಮ್ಮ ಹಲ್ವ ಮುಂಬಯಿಯಲ್ಲಿ ಬೂಸು ಹಿಡಿದು ತೆರೆದುಕೊಳ್ಳಬಾರದು ಎಂಬುದು ಅವರಿಗೆ ಗೊತ್ತಿತ್ತು.

ಬೆಂದೂರಿನ ಅಕ್ಕ:
ಸತ್ಯವಾದ ಮಾತು. ಕ್ರಿಸ್ಮಸ್ಸಿಗೆ ಕುಸ್ವಾರ್, ಅಂದರೆ ಹಬ್ಬಕ್ಕೆ ಹಂಚುವ ತಿಂಡಿಗಳನ್ನು ಮಾಡುವಾಗ ನಮ್ಮ ಅತ್ತೆಯವರು ಕಿಡ್ಯೊ, ನೆವ್ರ್ಯೊ, ತುಕ್ಡಿ ಎಲ್ಲವನ್ನೂ ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರುವವರೆಗೆ ಡಬ್ಬಿಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ವರ್ಷ ನಾನು ಅವಸರಪಟ್ಟು ತುಂಬಿದ ಡಬ್ಬಿಯ ನೆವ್ರ್ಯೊಗಳೆಲ್ಲ ಮೆತ್ತಗಾಗಿ, ನೆರೆಮನೆಗಳಿಗೆ ಹಂಚುವಂತಿರಲಿಲ್ಲ. ಆ ನಾಚಿಕೆ ನನಗೆ ಇನ್ನೂ ನೆನಪಿದೆ.

ದುಬೈಯಿಂದ ಕುಡ್ಲದವ:
ಹೊರಗಿನಿಂದ ಎರಡು ವಾರದ ರಜೆಗೆ ಬರುವ ನಮ್ಮಂಥವರ ಕಷ್ಟವನ್ನೂ ಅರ್ಥಮಾಡಿಕೊಳ್ಳಿ. ನಾಲ್ಕು ದಿನ ಮೊದಲೇ ಹೇಳಬೇಕೆಂಬುದು ನಮಗೆ ಹೇಗೆ ತಿಳಿಯಬೇಕು? ಅಂಗಡಿಯ ಹೊರಗೆ ಒಂದು ಫಲಕವಿಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ. ಕಳೆದ ಸಲ ನಾನು ಬಂದಾಗ ಇಂಥ ಒಂದು ಅಂಗಡಿಗೆ ಮೂರು ಸಲ ಅಲೆದೆ. ಮೊದಲ ದಿನ ಬಾಗಿಲು ಮುಚ್ಚಿತ್ತು, ಎರಡನೆಯ ದಿನ ಹಲ್ವ ಮುಗಿದಿತ್ತು, ಮೂರನೆಯ ದಿನ "ನಾಳೆ" ಎಂದರು. ಆ ನಾಳೆ ನಾನು ವಿಮಾನದಲ್ಲಿದ್ದೆ.

ಕದ್ರಿ ಗುಡ್ಡ:
ಇದೇ ನನ್ನ ವಾದ! ಹಲ್ವ ಆರಬೇಕೆಂಬುದನ್ನು ಈಗ ನಾನು ಪೂರ್ತಿಯಾಗಿ ಒಪ್ಪಿದ್ದೇನೆ. ಆದರೆ ಅದನ್ನು ಗಿರಾಕಿಗೆ ತಿಳಿಸುವ ಹೊಣೆ ಅಂಗಡಿಯವರದು. "ಇಂಥ ವಾರ ಹಲ್ವ ಸಿಗುತ್ತದೆ, ಹೆಚ್ಚು ಬೇಕಾದವರು ನಾಲ್ಕು ದಿನ ಮೊದಲು ತಿಳಿಸಿ" ಎಂದು ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಲು ಎಷ್ಟು ಖರ್ಚಾಗುತ್ತದೆ?

ರಥಬೀದಿಯ ಮಗಳು:
ನಾನು ಹುಟ್ಟಿ ಬೆಳೆದದ್ದು ವೆಂಕಟರಮಣ ದೇವಸ್ಥಾನದ ಹತ್ತಿರದಲ್ಲೇ. ಆ ಬೀದಿಯವರಿಗೆ ಫಲಕದ ಅಗತ್ಯವೇ ಇರಲಿಲ್ಲ, ಏಕೆಂದರೆ ವಾಸನೆಯೇ ಫಲಕವಾಗಿತ್ತು. ಶಾಲೆಯಿಂದ ಬರುವಾಗ ತುಪ್ಪದ ಘಮ ಬಂದರೆ ಮರುದಿನ ಹಲ್ವ ಸಿಗುತ್ತದೆಂದು ನಮಗೆ ಗೊತ್ತಾಗುತ್ತಿತ್ತು. ಬೇಳೆ ಹಿಟ್ಟು ಹುರಿಯುವ ಘಮ ಬಂದರೆ ಮೈಸೂರುಪಾಕು ಅಥವಾ ಲಾಡು. ರಥಸಪ್ತಮಿಯ ತೇರಿನ ದಿನಗಳಲ್ಲಿ ಬೀದಿಯ ತುಂಬ ಸಂತೆ ನೆರೆದು, ಬೆಂಡು ಬತ್ತಾಸು, ಖಾಜಾ, ಬೆಲ್ಲದ ಕಡ್ಡಿಗಳ ರಾಶಿ ಬೀಳುತ್ತಿತ್ತು. ಆ ದಿನಗಳಲ್ಲಿ ಹಳೆಯ ಅಂಗಡಿಯವರು ಹಲ್ವವನ್ನು ಮಾಡುತ್ತಲೇ ಇರಲಿಲ್ಲ, ಜನರ ನೂಕುನುಗ್ಗಲಿನಲ್ಲಿ ಅದಕ್ಕೆ ಕೊಡಬೇಕಾದ ಗಮನವನ್ನು ಕೊಡಲಾಗುವುದಿಲ್ಲ ಎಂದು ಅವರು ಅಜ್ಜನ ಹತ್ತಿರ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅಜ್ಜ ರಾತಲಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಕಾಲವನ್ನು ನೆನೆಯುತ್ತಿದ್ದರು. ರಾತಲು ಎಂದರೆ ಒಂದು ಪೌಂಡು, ಸುಮಾರು 454 ಗ್ರಾಂ. 1962ರಲ್ಲಿ ಕಿಲೋ ತೂಕ ಕಡ್ಡಾಯವಾದ ಮೇಲೂ ಅವರು ಅಂಗಡಿಯಲ್ಲಿ "ಒಂದು ರಾತಲು" ಎಂದೇ ಕೇಳುತ್ತಿದ್ದರಂತೆ, ಅಂಗಡಿಯವರು ಮರುಮಾತಿಲ್ಲದೆ ಅರ್ಧ ಕಿಲೋ ತೂಗಿ ಕೊಡುತ್ತಿದ್ದರಂತೆ. ಬಾಡಿಸಿದ ಬಾಳೆ ಎಲೆಯಲ್ಲಿ ಹಲ್ವವನ್ನಿಟ್ಟು, ಮೇಲೆ ಕಾಗದ ಸುತ್ತಿ, ನೂಲಿನಿಂದ ಕಟ್ಟಿದ ಪೊಟ್ಟಣ. ಎಲೆಗೆ ತುಪ್ಪ ಅಂಟಿದಾಗ ಬರುವ ಆ ಪರಿಮಳ ಈಗಿನ ಬಣ್ಣದ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ತಕ್ಕಡಿ:
ಪೆಟ್ಟಿಗೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಬಂದರು ರಸ್ತೆಯವರೇ, ಆ ಎರಡನೆಯ ಅಂಗಡಿಯಲ್ಲಿ ಹಲ್ವವನ್ನು ಪೆಟ್ಟಿಗೆಯ ಸಮೇತ ತೂಗಿದರೇ?

ಬಂದರು ರಸ್ತೆಯವಳು:
ನಾನು ಗಮನಿಸಲಿಲ್ಲ. ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು ಅದರೊಳಗೆ ತುಂಬಿಸಿದ ನೆನಪಿದೆ.

ತಕ್ಕಡಿ:
ಪೆಟ್ಟಿಗೆಯನ್ನಿಟ್ಟ ಮೇಲೆ ತಕ್ಕಡಿಯನ್ನು ಸೊನ್ನೆಗೆ ತಂದಿದ್ದರೆ ತಪ್ಪಿಲ್ಲ. ತರದಿದ್ದರೆ ಅದು ಅಪರಾಧ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಗಿರಾಕಿಗೆ ಸಿಗಬೇಕಾದದ್ದು ಪದಾರ್ಥದ ನಿವ್ವಳ ತೂಕ. ನಗರದ ಒಂದು ಅಂಗಡಿಯಲ್ಲಿ ನನಗೆ ಹೀಗಾದಾಗ ಮನೆಗೆ ಬಂದು ಖಾಲಿ ಪೆಟ್ಟಿಗೆಯನ್ನು ತೂಗಿ ನೋಡಿದೆ, 70 ಗ್ರಾಂ ಇತ್ತು. ಕಿಲೋಗೆ 600 ರೂಪಾಯಿಯ ಸಿಹಿಯಲ್ಲಿ ಇದು 42 ರೂಪಾಯಿ ಆಗುತ್ತದೆ. ಗೋಡಂಬಿಯ ಸಿಹಿಯಾದರೆ ಇನ್ನೂ ಹೆಚ್ಚು. ರಟ್ಟಿಗೆ ಯಾರಾದರೂ ತುಪ್ಪದ ಬೆಲೆಯನ್ನು ಕೊಡುತ್ತಾರೆಯೇ? ದಯವಿಟ್ಟು ಎಲ್ಲರೂ ತಕ್ಕಡಿಯ ಅಂಕಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೇಳಲು ಸಂಕೋಚಪಡಬೇಡಿ.

ಹಳೆಯ ಕೆಲಸಗಾರ:
ನಮ್ಮ ಯಜಮಾನರು ಕಾಗದದ ಮೇಲೆ ತೂಗಿ, ಆಮೇಲೆ ಪೆಟ್ಟಿಗೆಗೆ ಇಳಿಸುತ್ತಿದ್ದರು. ಕೊನೆಯಲ್ಲಿ ಒಂದು ಚೂರನ್ನು ಮೇಲೆ ಇಡುವುದೂ ಇತ್ತು, ಅದು ಜೊತೆಗೆ ಬಂದ ಮಗುವಿಗೆ.

ಉಡುಪಿ ಅಷ್ಟಮಿ:
ನಮ್ಮ ಉಡುಪಿಯ ಅನುಭವವನ್ನೂ ಸೇರಿಸುತ್ತೇನೆ. ಇಲ್ಲಿ ಹಬ್ಬದ ಪಂಚಾಂಗವೇ ಸಿಹಿಯ ಪಂಚಾಂಗ. ಕೃಷ್ಣಾಷ್ಟಮಿ ಮತ್ತು ಅದರ ಮರುದಿನದ ವಿಟ್ಲಪಿಂಡಿಗೆ ಉಂಡೆ ಚಕ್ಕುಲಿಗಳ ತಯಾರಿ ಮಠದಲ್ಲಿ ದಿನಗಳ ಮೊದಲೇ ಆರಂಭವಾಗುತ್ತದೆ, ರಥಬೀದಿಯ ಸುತ್ತಮುತ್ತಲಿನ ಅಂಗಡಿಗಳಲ್ಲಿಯೂ ಆ ವಾರ ಅವುಗಳಿಗೇ ಆದ್ಯತೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯ ಬಂದಾಗ ಪರಿಸ್ಥಿತಿ ಇನ್ನೂ ಬೇರೆ. ಆ ದಿನ ಬಂದು "ನಿಮ್ಮ ವಿಶೇಷ ಹಲ್ವ ಕೊಡಿ" ಎಂದು ಕೇಳಿದರೆ ಕೊಡುವುದು ಹೇಗೆ? ಹಳೆಯ ಅಂಗಡಿಗೆ ಹೋಗುವವರು, ನಾನು ಬಯಸಿದ್ದು ಏನಿದೆ ಎಂಬುದಕ್ಕಿಂತ ಇವತ್ತು ಅವರು ಏನು ಮಾಡಿದ್ದಾರೆ ಎಂದು ಮೊದಲು ವಿಚಾರಿಸಬೇಕು. ನಾನು ಈಗ ಹಾಗೆಯೇ ಕೇಳುತ್ತೇನೆ. ಹೀಗೆ ಕೇಳಿದ್ದರಿಂದಲೇ ಒಂದು ಬೆಳಿಗ್ಗೆ ನನಗೆ ಸಿಹಿ ಹೂರಣದ ಉಂಡೆಯನ್ನು ಹಿಟ್ಟಿನಲ್ಲಿ ಅದ್ದಿ ಆಗಷ್ಟೇ ಕರಿದ ಸುಕ್ರುಂಡೆ ಸಿಕ್ಕಿತು. ಗಾಜಿನ ಕಪಾಟಿನಲ್ಲಿ ಅದು ಇರಲೇ ಇಲ್ಲ.

ದುಬೈಯಿಂದ ಕುಡ್ಲದವ:
ಸುಕ್ರುಂಡೆ ಅಂಗಡಿಯಲ್ಲಿ ಸಿಗುತ್ತದೆಯೇ! ಅದನ್ನು ತಿಂದು ನನಗೆ ಹದಿನೈದು ವರ್ಷಗಳಾಗಿರಬೇಕು.

ಸುರತ್ಕಲ್ ಸಂಜೆ:
ಪ್ರಶ್ನೆಗೆ ಮರಳೋಣ. ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಇರುಟ್ಟುಕಡೈ ಎಂಬ ಹಲ್ವದ ಅಂಗಡಿಯಿದೆ. ಅದು ಸಂಜೆ ಮಾತ್ರ ಬಾಗಿಲು ತೆರೆಯುತ್ತದೆ, ಅಂದಿನ ಹಲ್ವ ಮುಗಿದ ಕೂಡಲೇ ಮುಚ್ಚುತ್ತದೆ. ಅಲ್ಲಿಯದೂ ಗೋಧಿಯ ಹಾಲಿನ ಹಲ್ವವೇ. ಜನರು ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ, ಸಿಗದವರು ಮರುದಿನ ಬರುತ್ತಾರೆ, ಅದನ್ನು ಯಾರೂ ಗತ್ತು ಎನ್ನುವುದಿಲ್ಲ. ನಮ್ಮ ಊರಿನ ಅಂಗಡಿ ಅದನ್ನೇ ಮಾಡಿದರೆ ನಾವು ಏಕೆ ಸಿಟ್ಟಾಗಬೇಕು?

ಕದ್ರಿ ಗುಡ್ಡ:
ಏಕೆಂದರೆ ಅಲ್ಲಿ ಸಂಜೆ ಮಾತ್ರ ತೆರೆಯುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ! ನಿಮ್ಮ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ.

ಅಡುಗೆಯ ರಸಾಯನ:
ಈ ಮಾತಿನಲ್ಲಿ ಕದ್ರಿಯವರ ಕಡೆ ನ್ಯಾಯವಿದೆ. ಇನ್ನೊಂದು ವಿಷಯವನ್ನು ಹಳೆಯ ಅಂಗಡಿಗಳು ಫಲಕದ ಮೇಲೆ ಹಾಕಲೇಬೇಕು. ಬಿಡಿಯಾಗಿ ಮಾರುವ ಸಿಹಿತಿಂಡಿಗಳ ತಟ್ಟೆಯ ಮುಂದೆ ಅದನ್ನು ಯಾವ ದಿನದೊಳಗೆ ತಿನ್ನುವುದು ಉತ್ತಮ ಎಂಬುದನ್ನು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹಾಲು ಮತ್ತು ಖೋವಾದ ಸಿಹಿಗಳು ಬೇಗ ಕೆಡುತ್ತವೆ, ತುಪ್ಪ ಮತ್ತು ಬೇಳೆ ಹಿಟ್ಟಿನ ಉಂಡೆಗಳು ಹೆಚ್ಚು ದಿನ ಬಾಳುತ್ತವೆ. ಅಜ್ಜನ ಕಾಲದ ಅಂಗಡಿ ಎಂಬ ವಿಶ್ವಾಸ ಒಳ್ಳೆಯದೇ, ಆದರೆ ದಿನಾಂಕವನ್ನು ನೋಡುವುದರಿಂದ ಆ ವಿಶ್ವಾಸಕ್ಕೆ ಅವಮಾನವೇನೂ ಆಗುವುದಿಲ್ಲ.

ಬೆಂದೂರಿನ ಅಕ್ಕ:
ತುಪ್ಪವನ್ನು ಪತ್ತೆಹಚ್ಚುವುದು ಹೇಗೆಂದು ಯಾರಾದರೂ ಹೇಳುವಿರಾ? "ಶುದ್ಧ ತುಪ್ಪ" ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ.

ಹಳೆಯ ಕೆಲಸಗಾರ:
ಅಕ್ಕ, ಬಾಯಿಯೇ ಹೇಳುತ್ತದೆ. ಮೈಸೂರುಪಾಕಿನ ಒಂದು ತುಂಡನ್ನು ಅಗಿಯದೆ ನಾಲಿಗೆಯ ಮೇಲೆ ಇಟ್ಟುಕೊಳ್ಳಿ. ತುಪ್ಪವಾದರೆ ಬಾಯಿಯ ಬಿಸಿಗೆ ಕರಗಿ ಹೋಗುತ್ತದೆ. ವನಸ್ಪತಿಯಾದರೆ ತಿಂದ ಮೇಲೂ ಅಂಗುಳಿನಲ್ಲಿ ಮೇಣ ಬಳಿದ ಹಾಗೆ ಉಳಿಯುತ್ತದೆ, ಬಿಸಿನೀರು ಕುಡಿಯುವವರೆಗೆ ಹೋಗುವುದಿಲ್ಲ.

ಅಡುಗೆಯ ರಸಾಯನ:
ಪ್ರಯೋಗಾಲಯದಲ್ಲಿ ಇದಕ್ಕೊಂದು ಹಳೆಯ ದಾರಿಯಿದೆ. ನಮ್ಮ ದೇಶದಲ್ಲಿ ವನಸ್ಪತಿಗೆ ಕನಿಷ್ಠ ಶೇಕಡಾ 5ರಷ್ಟು ಎಳ್ಳೆಣ್ಣೆಯನ್ನು ಬೆರೆಸಬೇಕೆಂದು ನಿಯಮ ಮಾಡಿದ್ದೇ ತುಪ್ಪದಲ್ಲಿ ಅದನ್ನು ಬೆರೆಸಿದರೆ ಸಿಕ್ಕಿಬೀಳಲಿ ಎಂದು. ಎಳ್ಳೆಣ್ಣೆಯಲ್ಲಿರುವ ಒಂದು ಅಂಶವು ಆಮ್ಲ ಮತ್ತು ಸಕ್ಕರೆಯೊಂದಿಗೆ ಸೇರಿದಾಗ ಗುಲಾಬಿ ಕೆಂಪಾಗುತ್ತದೆ. ಇದನ್ನು ಬಾಡೂಯಿನ್ ಪರೀಕ್ಷೆ ಎನ್ನುತ್ತಾರೆ. ತೀಕ್ಷ್ಣವಾದ ಆಮ್ಲ ಬೇಕಾಗುವುದರಿಂದ ದಯವಿಟ್ಟು ಮನೆಯಲ್ಲಿ ಮಾಡಬೇಡಿ.

ಕೊಡಿಯಾಲಬೈಲಿನ ತಮ್ಮ:
ಮೈಸೂರುಪಾಕು ಎಂದಾಗ ಒಂದು ಮಾತು. ಗಟ್ಟಿಯಾಗಿ, ಗೂಡುಗೂಡಾಗಿ ಇರುವುದೇ ನಿಜವಾದದ್ದು. ಬೆಣ್ಣೆಯಂತೆ ಕರಗುವ ಈಗಿನ ಮೃದು ಪಾಕನ್ನು ನಾನು ಒಪ್ಪುವುದಿಲ್ಲ.

ಹಳೆಯ ಕೆಲಸಗಾರ:
ತಮ್ಮ, ಆ ಗೂಡುಗಳನ್ನು ತರುವುದು ಎಷ್ಟು ಕಷ್ಟವೆಂದು ಒಳಗೆ ನಿಂತವನಿಗೆ ಗೊತ್ತು. ಪಾಕ ಮತ್ತು ಹಿಟ್ಟು ಕುದಿಯುತ್ತಿರುವಾಗ ಹೊಗೆಯಾಡುವಷ್ಟು ಬಿಸಿಯಾದ ತುಪ್ಪವನ್ನು ಹೊಯ್ಯಬೇಕು. ಆಗ ಪಾಕದೊಳಗಿನ ನೀರು ಒಮ್ಮೆಲೇ ಹಬೆಯಾಗಿ ನುಗ್ಗಿ ಗೂಡುಗಳನ್ನು ಬಿಡುತ್ತದೆ. ತಟ್ಟೆಗೆ ಸುರಿದ ಮೇಲೆ ನಡುಭಾಗ ನಿಧಾನವಾಗಿ ಆರುವುದರಿಂದ ಅಲ್ಲಿ ಬಣ್ಣ ಕೆಂಪಾಗಿ, ಅಂಚಿನಲ್ಲಿ ತೆಳು ಹಳದಿಯಾಗಿ ಉಳಿಯುತ್ತದೆ. ಮೃದುವಾದದ್ದನ್ನೂ ಕೀಳಾಗಿ ಕಾಣಬೇಡಿ, ಹಲ್ಲಿಲ್ಲದ ಅಜ್ಜಂದಿರು ಅದರಿಂದ ಸಂತೋಷಪಡುತ್ತಾರೆ.

ರಥಬೀದಿಯ ಮಗಳು:
ಈ ಚರ್ಚೆಯಲ್ಲಿ ಯಾರೂ ಹೇಳದ ಒಂದು ಭಯ ನನಗಿದೆ. ಆ ಹಲ್ವವನ್ನು ತಿರುವುವವರು ಇನ್ನು ಎಷ್ಟು ದಿನ ಇರುತ್ತಾರೆ? ಕಳೆದ ವರ್ಷ ನಾನು ಹೋದಾಗ ಒಳಗೆ ಇಬ್ಬರೇ ಇದ್ದರು, ಇಬ್ಬರದ್ದೂ ತಲೆ ನರೆತಿತ್ತು. ಹೊಸಬರು ಯಾರೂ ಕಲಿಯಲು ಬರುವುದಿಲ್ಲ, ಬಂದವರು ಮೂರು ತಿಂಗಳು ನಿಲ್ಲುವುದಿಲ್ಲ. ಯಂತ್ರವನ್ನು ತಂದರೆ ತಿರುವುವುದು ಸುಲಭವಾದೀತು. ಹಾಗೆ ಮಾಡಿದರೆ ತಪ್ಪೇ?

ಹಳೆಯ ಕೆಲಸಗಾರ:
ಖಂಡಿತ ತಪ್ಪಲ್ಲ. ರುಬ್ಬುವ ಕಲ್ಲಿಗೆ ಬದಲಾಗಿ ಗ್ರೈಂಡರ್ ಬಂದಾಗಲೂ ರುಚಿ ಹೋಯಿತೆಂದು ಕೆಲವರು ಗೋಳಾಡಿದ್ದರು. ನನ್ನ ಕೈಯ ನೋವನ್ನು ಯಾರೂ ಕೇಳಿರಲಿಲ್ಲ. ಗೋಧಿಯನ್ನು ಮೂರು ದಿನ ನೆನೆಹಾಕುವುದನ್ನು, ಹಾಲು ಕೂರುವವರೆಗೆ ಕಾಯುವುದನ್ನು, ತುಪ್ಪವನ್ನು ಬಿಡದಿದ್ದರೆ ಸಾಕು. ಸಟ್ಟುಗವನ್ನು ಮೋಟಾರು ತಿರುಗಿಸಲಿ. ಹದ ಬಂತೇ ಎಂದು ನೋಡುವುದಕ್ಕೆ ಮಾತ್ರ ಕಣ್ಣಿರುವವರೊಬ್ಬರು ಹತ್ತಿರ ನಿಲ್ಲಬೇಕು.

ಕದ್ರಿ ಗುಡ್ಡ:
ಬಂದರು ರಸ್ತೆಯವರೇ, ಕೊನೆಗೆ ಏನಾಯಿತು? ಮರುದಿನ ಬೆಳಿಗ್ಗೆ ಹೋದಿರೇ ಇಲ್ಲವೇ? ಇಷ್ಟೆಲ್ಲ ವಾದ ಮಾಡಿಸಿ ನೀವು ಮೌನವಾಗಿದ್ದೀರಿ.

ಬಂದರು ರಸ್ತೆಯವಳು:
ಕ್ಷಮಿಸಿ, ಎಲ್ಲವನ್ನೂ ಓದುತ್ತಿದ್ದೆ. ಹೌದು, ಹೋದೆವು. ನನಗೆ ಮನಸ್ಸಿರಲಿಲ್ಲ, ಆದರೆ ಅತ್ತೆಯವರು ಏಳು ಗಂಟೆಗೇ ಸೀರೆಯುಟ್ಟು ಸಿದ್ಧರಾಗಿ ಕುಳಿತಿದ್ದರು. ಒಂಬತ್ತಕ್ಕೆ ಅಂಗಡಿಗೆ ಹೋದಾಗ ಹಿರಿಯರು ಹಲ್ವವನ್ನು ಕತ್ತರಿಸುತ್ತಿದ್ದರು. ಅತ್ತೆಯವರು ತಮ್ಮ ತಂದೆಯ ಹೆಸರನ್ನೂ ಅವರು ಬಂದರಿನಲ್ಲಿ ಮಾಡುತ್ತಿದ್ದ ಕೆಲಸವನ್ನೂ ಹೇಳಿದಾಗ ಹಿರಿಯರಿಗೆ ನೆನಪಾಗಲಿಲ್ಲ, ನೆನಪಿದೆ ಎಂದು ನಟಿಸಲೂ ಇಲ್ಲ. "ಆಗ ನಾನು ಚಿಕ್ಕವನಿದ್ದಿರಬೇಕು" ಎಂದಷ್ಟೇ ಹೇಳಿ, ಒಂದು ಕಿಲೋ ತೂಗಿದರು, ಕಾಗದದ ಮೇಲೆಯೇ ತೂಗಿದರು, ತಕ್ಕಡಿಯವರಿಗೆ ಇದನ್ನು ತಿಳಿಸಬೇಕೆನಿಸಿತು. ಆಮೇಲೆ ಅಂಚಿನ ಒಂದು ತುಂಡನ್ನು ಕತ್ತರಿಸಿ ಅತ್ತೆಯವರ ಕೈಗೆ ಕೊಟ್ಟರು. ಅತ್ತೆಯವರು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಅದನ್ನು ತಿಂದು ಮುಗಿಸಲು ಬಹಳ ಹೊತ್ತು ತೆಗೆದುಕೊಂಡರು. ನಾನು ರೈಲಿನ ಸಮಯವನ್ನು ನೆನಪಿಸಲಿಲ್ಲ.

ಮೊನ್ನೆ ಅವರು ಫೋನ್ ಮಾಡಿದ್ದರು. ಐದನೆಯ ದಿನವೂ ಹಲ್ವ ಹಾಗೆಯೇ ಇತ್ತಂತೆ, ಪಕ್ಕದ ಮನೆಯವರಿಗೆ ಒಂದೊಂದೇ ತುಂಡು ಹಂಚಿದರಂತೆ.

ಕದ್ರಿಯವರ ಮಾತು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಆದ್ದರಿಂದ ನಿನ್ನೆ ಚೌತಿಗೆಂದು ಎರಡು ಕಿಲೋ ಹೇಳಲು ಹೋದಾಗ, ಅಂಗಡಿಯ ಮುಂದೆ ಒಂದು ಹಲಗೆಯನ್ನು ಇಡಬಾರದೇ ಎಂದು ಹಿರಿಯರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಮಗನಿಗೆ ಹೇಳುತ್ತೇನೆ ಎಂದರು. ಅನಂತರ ಉದ್ದನೆಯ ಒಂದು ಪುಸ್ತಕವನ್ನು ತೆರೆದು ನನ್ನ ಹೆಸರನ್ನು ಬರೆದುಕೊಂಡರು. ನಾನು ಬಗ್ಗಿ ನೋಡಿದೆ. ಹೆಸರಿನ ಎದುರು ಅವರು ಬರೆದ ದಿನಾಂಕ ಚೌತಿಯದಾಗಿರಲಿಲ್ಲ, ಗೋಧಿಯನ್ನು ನೆನೆಹಾಕುವ ದಿನದ್ದಾಗಿತ್ತು.

ಕದ್ರಿ ಗುಡ್ಡ:
ಅಂಗಡಿ ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ತಿಳಿಸಿ. ನನ್ನದೂ ಅರ್ಧ ಕಿಲೋ ಬರೆಸಬೇಕು.